ಪೂಜೆಗಿಟ್ಟ ಗಾದಿ

ಹೊಸ ಸೀರೆಯ ಪ್ಲಾಸ್ಟಿಕ್ ಕವರು ಬಿಚ್ಚಿದಾಗ ಒಂದು ವಾಸನೆ ಬರುತ್ತದಲ್ಲ, ಗಂಜಿ, ಬಣ್ಣ, ಅದರ ಜೊತೆಗೆ ಒಂದಿಷ್ಟು ನುಸಿಗುಳಿಗೆ... ಮದುವೆ ಮನೆಯವರಿಗೆ ಅದು ಸಂಭ್ರಮದ ವಾಸನೆ. ನನಗೆ ಮಾತ್ರ ಅದು ಮೂಗಿಗೆ ಬಡಿದ ಕೂಡಲೇ ಸಿಟ್ಟು ಬರುತ್ತದೆ. ಕಳೆದ ತಿಂಗಳು ನಾದಿನಿಯ ಮಗಳ ಮದುವೆಯ ಜವಳಿಗೆಂದು ಶಿಕಾರಿಪುರದ ದೊಡ್ಡ ಬಟ್ಟೆ ಅಂಗಡಿಯೊಂದಕ್ಕೆ ಹೋದಾಗಲೂ ಹಾಗೇ ಆಯಿತು.

"ಏನಾತ್ರೀ ಅತ್ಗಿ? ಮುಖ ಯಾಕ ಹಿಂಗ ಮಾಡೀರಿ?" ಅಂದಳು ನಾದಿನಿ.

ಏನಿಲ್ಲ ಅಂದೆ. ಮದುವೆಯ ಸೀರೆ ಆರಿಸುತ್ತಿದ್ದವಳ ಎದುರು ಹಳೆಯ ಕೋಪದ ಕಥೆ ಬಿಚ್ಚಿ ಕೂರುವುದು ಸರಿಯಲ್ಲ. ಆದರೆ ನನ್ನ ಕಣ್ಣ ಮುಂದೆ ಆಗ ಇದ್ದದ್ದು ಸೊರಬದ ಒಂದು ಬಟ್ಟೆ ಅಂಗಡಿ, ಅದರ ಬಿಳಿ ಗಾದಿ, ಗಾದಿಯ ಮೇಲೆ ಕಾಲು ಮಡಚಿ ಕೂತ ಒಬ್ಬ ಮನುಷ್ಯ.

ಪಿಯುಸಿ ಮುಗಿಸಿ ಮನೆಯಲ್ಲಿದ್ದ ನನಗೆ ಆ ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು. ಆನವಟ್ಟಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಆಗ ಅದು ಹಳೇ ಕಾಲದ ಅಂಗಡಿ. ನೆಲದ ತುಂಬ ಹತ್ತಿಯ ಗಾದಿ, ಮೇಲೆ ಬಿಳಿ ಬಟ್ಟೆ. ಗಿರಾಕಿಗಳು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಂದು ಗಾದಿಯ ಒಂದು ಕಡೆ ಕೂರುತ್ತಿದ್ದರು, ಸೀರೆ ತೋರಿಸುವವರು ಇನ್ನೊಂದು ಕಡೆ. ಕಪಾಟಿನಿಂದ ಗಂಟು ಇಳಿಸಿ ಕೊಡುವುದು ನನ್ನಂಥ ಹುಡುಗಿಯರ ಕೆಲಸ. ಸೀರೆ ತೋರಿಸುವುದು ಗಾದಿಯ ಮೇಲೆ ಕೂತ ಆ ಒಬ್ಬರ ಕೆಲಸ. ಅವರನ್ನು ಊರೆಲ್ಲ ಕರೆಯುತ್ತಿದ್ದದ್ದು ಗಾದಿ ಅಣ್ಣ ಅಂತ. ನಾನೂ ಹಾಗೇ ಕರೆದೆ.

ಗಾದಿ ಅಣ್ಣನಿಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿತ್ತು. ಎಡಗಾಲು ಸೊರಗಿತ್ತು. ಮೊಣಕಾಲಿನ ಮೇಲೆ ಕೈ ಒತ್ತಿ ಹಿಡಿದು ನಡೆಯುತ್ತಿದ್ದರು. ತಮ್ಮೂರು ಕುಪ್ಪಗಡ್ಡೆಯ ಬಸ್ಸಿನಿಂದ ಇಳಿದು ಅಂಗಡಿ ಮುಟ್ಟುವಷ್ಟರಲ್ಲಿ ಇಸ್ತ್ರಿ ಮಾಡಿದ ಅಂಗಿ ಬೆವತು ಬೆನ್ನಿಗೆ ಅಂಟಿರುತ್ತಿತ್ತು. ಯಾರಾದರೂ ಕೈ ಹಿಡಿಯಲು ಹೋದರೆ ಗದರಿಬಿಡುತ್ತಿದ್ದರು. ಸಿಟ್ಟು ಜಾಸ್ತಿ, ಜಂಬವೂ ಜಾಸ್ತಿ. ಆದರೆ ಒಮ್ಮೆ ಗಾದಿಯ ಮೇಲೆ ಕೂತರೆಂದರೆ ಮುಗಿಯಿತು. ಒಂದು ತುದಿ ಹಿಡಿದು ಕೊಡವಿದರೆ ಸೀರೆ ಉದ್ದಕ್ಕೂ ಬಿಚ್ಚಿಕೊಂಡು ಹೋಗಿ ಸೆರಗು ಸರಿಯಾಗಿ ಗಿರಾಕಿಯ ಮಡಿಲಿಗೆ ಬೀಳುತ್ತಿತ್ತು. ನಾನು ಎಷ್ಟೋ ಸಲ ಮಾಡಲು ಹೋಗಿ ಸೀರೆಯನ್ನು ಗಿರಾಕಿಯ ಮುಖಕ್ಕೆ ಎಸೆದದ್ದಿದೆ.

ಬಾಯಿಯೂ ಅಷ್ಟೇ ಚುರುಕು. ಮಗಳಿಗೆಂದು ಬಂದು ತನಗಿಷ್ಟವಾದ ಬಣ್ಣವನ್ನೇ ಹಿಡಿದು ಕೂತ ತಾಯಿಗೆ, "ಅಮ್ಮಾರೆ, ಮದುವೆ ಯಾರ್ದು ಅಂತ ಮೊದ್ಲು ಹೇಳ್ಬಿಡ್ರಿ, ಆಮೇಲೆ ಬಣ್ಣ ನೋಡಾಣ" ಅನ್ನುತ್ತಿದ್ದರು. ಅಂಗಡಿಗೆ ಅಂಗಡಿಯೇ ನಗುತ್ತಿತ್ತು. ಆ ತಾಯಿಯೂ ನಕ್ಕು ಎರಡು ಸೀರೆ ತೆಗೆದುಕೊಂಡು ಹೋಗುತ್ತಿದ್ದಳು. ಅವರ ಕಾಲು ಹೇಗಿದೆ ಎಂದು ಎಷ್ಟೋ ಗಿರಾಕಿಗಳಿಗೆ ಗೊತ್ತೇ ಇರಲಿಲ್ಲ. ಗೊತ್ತಾಗುವ ಸಂದರ್ಭವೇ ಬರಲಿಲ್ಲ, ಯಾಕೆಂದರೆ ಅಲ್ಲಿ ಎಲ್ಲರೂ ಕೂತೇ ಇರುತ್ತಿದ್ದೆವು. ಅಂಗಡಿಯ ಹಳೇ ಸಾಹುಕಾರರು ಯಾವ ಕಾನೂನು ಓದಿಯೂ ಆ ಗಾದಿ ಹಾಸಿದವರಲ್ಲ. ಜವಳಿ ವ್ಯಾಪಾರ ಕೂತು ಮಾಡುವಂಥದ್ದು ಎನ್ನುವ ಪದ್ಧತಿಯಿತ್ತು, ಅಷ್ಟೇ. ಆ ಪದ್ಧತಿಯೊಳಗೆ ಒಬ್ಬ ಮನುಷ್ಯನ ಇಡೀ ಬದುಕು ಆರಾಮವಾಗಿ ಕೂತಿತ್ತು.

ಹಳೇ ಸಾಹುಕಾರರು ತೀರಿಕೊಂಡ ಮೇಲೆ ಮಗ ಬಂದ. ಅವನಿಗೆ ಬಹುವಚನ ಹಚ್ಚಲು ನನಗೆ ಇವತ್ತಿಗೂ ಮನಸ್ಸು ಬರುವುದಿಲ್ಲ. ದಾವಣಗೆರೆ, ಹುಬ್ಬಳ್ಳಿ ಸುತ್ತಿ ಬಂದು, ನಮ್ಮದೂ ಶೋರೂಮ್ ಆಗಬೇಕು ಅಂದ. ಆಗಲಿ, ಅಂಗಡಿ ಅವನದು. ನೆಲಕ್ಕೆ ಮುಖ ಕಾಣುವಂಥ ಟೈಲ್ಸ್ ಬಂತು, ಗಾಜಿನ ಕೌಂಟರು ಬಂತು, ಗಿರಾಕಿಗಳಿಗೆ ಮೆತ್ತನೆಯ ದುಂಡು ಸ್ಟೂಲುಗಳು ಬಂದವು, ನಮಗೆ ಕೆಂಪು ಅಂಗಿ ಬಂತು. ಜೊತೆಗೊಂದು ನಿಯಮವೂ ಬಂತು. ಬಾಗಿಲು ತೆಗೆದಾಗಿನಿಂದ ಹಾಕುವ ತನಕ ಕೆಲಸದವರು ಯಾರೂ ಕೂರಬಾರದು.

ಹಳೆಯ ಗಾದಿಯನ್ನು ಹರಿದು ಹತ್ತಿಯನ್ನು ಹಿತ್ತಲಿಗೆ ಎಸೆದರು. ಒಂದು ಚೌಕದ ತುಂಡನ್ನು ಮಾತ್ರ ಅವನು ಉಳಿಸಿಕೊಂಡ. ಅಪ್ಪ ಅದರ ಮೇಲೆ ಕೂತು ದುಡಿದದ್ದು, ಅದರಲ್ಲಿ ಲಕ್ಷ್ಮಿ ಇದ್ದಾಳೆ ಅಂತ. ಕ್ಯಾಶ್ ಕೌಂಟರಿನ ಪಕ್ಕ ಲಕ್ಷ್ಮಿಯ ಪಟದ ಕೆಳಗೆ ಅದಕ್ಕೊಂದು ಗೂಡು ಮಾಡಿಸಿದ. ಶುಕ್ರವಾರ ಶುಕ್ರವಾರ ಅದಕ್ಕೆ ಕುಂಕುಮ, ಹೂವು, ಊದುಬತ್ತಿ. ಗಾದಿ ಗೂಡಿನಲ್ಲಿ ಕೂತಿತು. ಆ ಗಾದಿಗೆ ದುಡ್ಡು ತಂದುಕೊಟ್ಟ ಗಾದಿ ಅಣ್ಣ ಅದರ ಎದುರಿಗೇ ನಿಂತರು!

ಒಂದೇ ಕಾಲಿನ ಮೇಲೆ ಇಡೀ ದಿನ ನಿಲ್ಲುವುದೆಂದರೆ ಏನು ಎಂದು ನಿಂತವರನ್ನು ಕಂಡವರಿಗಷ್ಟೇ ಗೊತ್ತು. ಕೌಂಟರಿಗೆ ಹೊಟ್ಟೆ ಒತ್ತಿ ನಿಲ್ಲುತ್ತಿದ್ದರು, ಬೀಳಬಾರದೆಂದು. ಒಂದು ಕೈ ಗಾಜಿನ ಮೇಲೆ ಊರಿರಬೇಕು, ಇನ್ನೊಂದರಲ್ಲಿ ಸೀರೆ. ಒಂದೇ ಕೈಯಲ್ಲಿ ಸೀರೆ ಕೊಡವಲು ಬರುತ್ತದೆಯೇ? ಮಳೆಗಾಲದಲ್ಲಿ ಗಿರಾಕಿಗಳ ಚಪ್ಪಲಿಯ ನೀರಿಗೆ ಟೈಲ್ಸ್ ಜಾರಿ ಒಮ್ಮೆ ಬಿದ್ದರು. ಎದ್ದು ಅಂಗಿ ಕೊಡವಿಕೊಂಡು ಗಿರಾಕಿಯ ಹತ್ತಿರ ಕ್ಷಮೆ ಕೇಳಿದರು. ಬಿದ್ದವರು ಯಾಕೆ ಕ್ಷಮೆ ಕೇಳಬೇಕಿತ್ತೋ ನನಗಿನ್ನೂ ಅರ್ಥವಾಗಿಲ್ಲ. ಕೆಲವೇ ತಿಂಗಳಲ್ಲಿ ಅವರ ಗಟ್ಟಿ ಕಾಲೂ ಬಾತುಕೊಳ್ಳಲು ಶುರುವಾಯಿತು.

ಕೊನೆಗೆ ಜಂಬ ಬಿಟ್ಟು ಕೇಳಿದರು. ನಾನು ಪಕ್ಕದಲ್ಲೇ ಗಂಟು ಕಟ್ಟುತ್ತಿದ್ದೆ.

"ಸಾವ್ಕಾರ್ರೆ, ಕೌಂಟರ್ ಹಿಂದೆ ಒಂದು ಎತ್ತರದ ಸ್ಟೂಲ್ ಹಾಕ್ಸಿಕೊಡ್ರಿ. ಕೂತ್ಕಂಡೇ ಸೀರೆ ತೋರಿಸ್ತೀನಿ. ವ್ಯಾಪಾರ ಮಾಡದು ನನ್ನ ಕೈ, ಕಾಲಲ್ಲ."

"ಗಿರಾಕಿ ಮುಂದೆ ಕೆಲಸದೋರು ಕೂತ್ರೆ ಹೆಂಗ್ ಕಾಣ್ತದ್ರೀ? ಶೋರೂಮ್ ಅಂದ್ಮೇಲೆ ಅದಕ್ಕೊಂದು ಲುಕ್ ಇರ್ತದೆ" ಅಂದ. ಆಮೇಲೆ ತನಗೇ ಕರುಣೆ ಉಕ್ಕಿ ಬಂದವನಂತೆ, "ಒಂದ್ ಕೆಲಸ ಮಾಡಣ. ಬಾಗ್ಲ ಹತ್ರ ಕುರ್ಚಿ ಹಾಕ್ಸಿಕೊಡ್ತೀನಿ. ಬಂದೋರ ಬ್ಯಾಗ್ ಇಸ್ಕಂಡು ಟೋಕನ್ ಕೊಡ್ರಿ. ಆರಾಮ ಇರ್ತೀರಿ" ಅಂದ.

"ಬಾಗ್ಲಲ್ಲಿ ಹಾಕೋ ಕುರ್ಚಿನ ಒಳಗ್ ಹಾಕಕ್ಕೆ ಎಂತ ಕಷ್ಟ?"

ಅವನು ಬಿಲ್ ಪುಸ್ತಕ ತಿರುವತೊಡಗಿದ. ನನಗೆ ತಡೆಯಲಾಗಲಿಲ್ಲ. "ಒಂದು ಸ್ಟೂಲ್ ಕೊಟ್ರೆ ನಿಮ್ಮ ಗಂಟೇನು ಹೋಗ್ತದ್ರೀ?" ಅಂದೆ.

"ಇವತ್ತು ಅವರಿಗೆ ಕೊಟ್ರೆ ನಾಳೆ ನಿಮಗೆಲ್ಲ ಬೇಕಂತೀರಿ."

"ಹೌದು, ಬೇಕು. ನಮಗೂ ಕಾಲದಾವೆ."

ಇವಳಿಗೆ ಬಾಯಿ ಜಾಸ್ತಿ ಅಂತ ಆವತ್ತೇ ನನಗೆ ಹೆಸರು ಬಂತು. ಬರಲಿ. ನನಗೆ ಉರಿಯುತ್ತಿದ್ದದ್ದು ಅವನು ಇಲ್ಲ ಅಂದದ್ದಕ್ಕಿಂತ, ಇಲ್ಲ ಅನ್ನುತ್ತಲೇ ಉಪಕಾರ ಮಾಡಿದವನ ಹಾಗೆ ಮುಖ ಮಾಡಿದ್ದಕ್ಕೆ. ಬಾಗಿಲಲ್ಲಿ ಕೂತು ಬ್ಯಾಗು ಕಾಯುವ ಕೆಲಸ ಕೀಳು ಎಂದು ನಾನು ಹೇಳುತ್ತಿಲ್ಲ. ಆದರೆ ಅದು ಅವರ ಕೆಲಸವಲ್ಲ. ಅವರಿಗೆ ಬರುವ ಕೆಲಸವನ್ನು ಕೈಯಿಂದ ಕಿತ್ತುಕೊಂಡು, ಪಾಪ ಅಂತ ಒಂದು ಕುರ್ಚಿ ಕೊಟ್ಟರೆ ಅದಕ್ಕೆ ದಯೆ ಅನ್ನುತ್ತಾರೆಯೇ? ಈಗೀಗ ಅಂಗವಿಕಲರು ಅನ್ನಬಾರದಂತೆ, ವಿಶೇಷಚೇತನರು ಅನ್ನಬೇಕಂತೆ. ಅನ್ನೋಣ. ಹೆಸರು ಬದಲಾಯಿಸಲು ಯಾರಿಗೂ ಕಷ್ಟವಿಲ್ಲ. ಕಷ್ಟವಿರುವುದೆಲ್ಲ ಒಂದು ಸ್ಟೂಲು ಹಾಕಲಿಕ್ಕೆ.

ನಮ್ಮ ಅಂಗಡಿಗೆ ಬರುತ್ತಿದ್ದ ಹೈಸ್ಕೂಲ್ ಮೇಡಂ ಒಬ್ಬರು, ಇಂಥವರಿಗೆ ಬೇಕಾದ ಅನುಕೂಲ ಮಾಡಿಕೊಡಲೇಬೇಕು ಅಂತ ಕಾನೂನು ಇದೆ, ದೂರು ಕೊಡಿ ಅಂದರು. ನಾನು ಕುಣಿದುಕೊಂಡು ಹೋಗಿ ಗಾದಿ ಅಣ್ಣನಿಗೆ ಹೇಳಿದೆ. ಅವರು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದರು.

"ಕೂರಕ್ಕೆ ಒಂದು ಸ್ಟೂಲ್ ಬೇಕು ಅಂತ ಕಚೇರಿ ಕಚೇರಿ ತಿರುಗ್ಬೇಕಾ ತಂಗಿ? ಅಲ್ಲೂ ನಿಂತ್ಕಂಡೇ ಇರ್ಬೇಕಲ್ಲ" ಅಂದರು.

ಆ ವರ್ಷದ ದೀಪಾವಳಿಯ ಅಂಗಡಿ ಪೂಜೆ ಬಂತು. ಬಾಗಿಲಿಗೆ ಬಾಳೆಕಂದು ಕಟ್ಟಿದೆವು. ಗೂಡಿನಲ್ಲಿದ್ದ ಗಾದಿಯ ತುಂಡನ್ನು ಅಂಗಡಿಯ ನಡುವೆ ನೆಲದ ಮೇಲೆ ಹಾಸಿ, ಹೊಸ ಬಿಳಿ ಬಟ್ಟೆ ಹೊದಿಸಿ, ಅದರ ಮೇಲೆ ಕಳಶ ಇಟ್ಟರು. ಹಳೇ ಸಾಹುಕಾರರು ಬಟ್ಟೆ ಅಳೆಯುತ್ತಿದ್ದ ಗಜಕೋಲನ್ನೂ ಇಟ್ಟರು. ಸಂಜೆ ಹೊತ್ತು, ಪೇಟೆಗೆ ಬಂದಿದ್ದ ಹೆಂಗಸರು ಪ್ರಸಾದಕ್ಕೆಂದು ಒಳಗೆ ಬಂದಿದ್ದರು. ಮಂಗಳಾರತಿ ಆಯಿತು. ಕಳಶ ಎತ್ತಿ ಪಟದ ಹತ್ತಿರ ಇಟ್ಟರು. ಪೇಡೆ ಹಂಚಲು ಶುರುವಾಯಿತು. ಎಲ್ಲರೂ ನಿಂತಿದ್ದೆವು.

ಗಾದಿ ಅಣ್ಣ ಮೊಣಕಾಲಿನ ಮೇಲೆ ಕೈ ಒತ್ತಿಕೊಂಡು ನಿಧಾನಕ್ಕೆ ನಡುವಿಗೆ ಬಂದರು. ಬಗ್ಗಿ ಗಾದಿಗೆ ನಮಸ್ಕಾರ ಮಾಡಿದರು. ಗಜಕೋಲನ್ನು ಎತ್ತಿ ಪಕ್ಕಕ್ಕಿಟ್ಟರು. ಆಮೇಲೆ ಗಾದಿಯ ಮೇಲೆ ಕಾಲು ಮಡಚಿ ಕೂತುಬಿಟ್ಟರು.

"ಏಯ್, ಏಳ್ರೀ! ಪೂಜೆ ಮಾಡಿರೋದು ಅದು. ತಲೆ ಕೆಟ್ಟೈತಾ ನಿಮಗೆ?" ಅಂದ ಸಣ್ಣ ಸಾಹುಕಾರ.

"ನಿಮ್ಮಪ್ಪಾರು ಇದನ್ನ ಹಾಸಿದ್ದು ಕೂರಕ್ಕೆ. ಕುಂಕುಮ ಹಚ್ಚಿದ್ದು ನೀವು" ಅಂದರು ಗಾದಿ ಅಣ್ಣ. ದನಿ ಏರಿಸಲಿಲ್ಲ. ನನ್ನ ಕಡೆ ತಿರುಗಿ, "ತಂಗಿ, ಆ ರೇಷ್ಮೆ ಗಂಟು ಇತ್ಲಾಗ್ ಕೊಡು" ಅಂದರು.

ಕೊಟ್ಟೆ. ಎರಡೂ ಕೈ ಬಿಡುವಾಗಿದ್ದವಲ್ಲ, ಹಿಡಿದು ಕೊಡವಿದರು. ನೇರಳೆ ಬಣ್ಣದ ಸೀರೆ ಹೊಳೆಯುವ ಟೈಲ್ಸಿನ ಮೇಲೆ ಉದ್ದಕ್ಕೂ ಬಿಚ್ಚಿಕೊಂಡು ಹೋಯಿತು. ಎದುರಿಗಿದ್ದ ವಯಸ್ಸಾದ ಅಮ್ಮ ಒಬ್ಬರು ಹಳೇ ರೂಢಿಯಂತೆ ಕೆಳಗೆ ಕೂತು ಸೆರಗು ಮಡಿಲಿಗೆಳೆದುಕೊಂಡರು. "ಇದ್ರಾಗೆ ಹಸಿರಂಚಿಂದು ಐತೇನಪ್ಪಾ?" ಅಂದರು. ಅವರ ಪಕ್ಕ ಇನ್ನೊಬ್ಬರು ಕೂತರು, ಮತ್ತೊಬ್ಬರು ಕೂತರು. ನೋಡನೋಡುತ್ತ ಹಳೇ ಅಂಗಡಿ ವಾಪಸು ಬಂತು. ನಾನು ಗಂಟು ಇಳಿಸಿ ಇಳಿಸಿ ಕೊಟ್ಟೆ. ಸಣ್ಣ ಸಾಹುಕಾರ ಪೇಡೆಯ ತಟ್ಟೆ ಹಿಡಿದು ನಿಂತೇ ಇದ್ದ. ಗಿರಾಕಿಗಳ ಎದುರು ಕೂಗಾಡುವಂತಿಲ್ಲವಲ್ಲ, ಶೋರೂಮಿನ ಲುಕ್ ಹೋಗುತ್ತದೆ. ಆವತ್ತು ಆದಷ್ಟು ವ್ಯಾಪಾರ ಆ ಅಂಗಡಿಯಲ್ಲಿ ನಾನು ಮತ್ತೆ ಕಾಣಲಿಲ್ಲ. ಲಕ್ಷ್ಮಿಗೆ ಕೋಪ ಬಂದ ಲಕ್ಷಣವಂತೂ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಗಾದಿ ಅಣ್ಣನನ್ನು ಒಳಗೆ ಬಿಡಲಿಲ್ಲ. ಸ್ಟೂಲಿನ ಮಾತೇ ಇಲ್ಲ. ಪೂಜೆಯ ಗಾದಿಯ ಮೇಲೆ ಕೂತು ಅಪಚಾರ ಮಾಡಿದ, ಅದಕ್ಕೆ ತೆಗೆದೆ ಅಂದ ಸಣ್ಣ ಸಾಹುಕಾರ. ಸೊರಬದ ಪೇಟೆ ಅದನ್ನು ನಂಬಿತು. ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ, ಎಲ್ಲಿ ಹೋದರೂ ಅದೇ ಮಾತು. ಎಂಥ ಕೆಲಸ ಮಾಡಿಬಿಟ್ಟ, ಅಷ್ಟು ವರ್ಷ ಉಂಡ ಮನೆಗೆ... ಯಾಕೆ ಕೂತ ಎಂದು ಒಬ್ಬರೂ ಕೇಳಲಿಲ್ಲ. ತಿಂಗಳುಗಟ್ಟಲೆ ಒಬ್ಬ ಮನುಷ್ಯ ಅವರ ಕಣ್ಣೆದುರಿಗೇ ಒಂಟಿಕಾಲಲ್ಲಿ ನಿಂತಿದ್ದ, ಅದು ಯಾರಿಗೂ ಅಪಚಾರ ಅನ್ನಿಸಿರಲಿಲ್ಲ. ನಾನು ಸಿಕ್ಕವರ ಹತ್ತಿರವೆಲ್ಲ ಜಗಳವಾಡಿದೆ. ಪ್ರಯೋಜನವಾಗಲಿಲ್ಲ.

ಬೇರೆ ಅಂಗಡಿಗಳಲ್ಲಿ ಅವರು ಕೇಳಿ ನೋಡಿದರು. ಸುದ್ದಿ ಅವರಿಗಿಂತ ಮೊದಲೇ ಹೋಗಿ ತಲುಪಿರುತ್ತಿತ್ತು. ನಾನು ಮದುವೆಯಾಗಿ ಶಿಕಾರಿಪುರಕ್ಕೆ ಬರುವ ಮೊದಲು ಒಮ್ಮೆ ಕುಪ್ಪಗಡ್ಡೆಗೆ ಹೋಗಿ ಲಗ್ನಪತ್ರಿಕೆ ಕೊಟ್ಟು ಬಂದೆ. ಜಗಲಿಯ ಮೇಲೆ ಕೂತು ಯಾರದೋ ಸೀರೆಗೆ ಫಾಲ್ ಹೊಲಿಯುತ್ತಿದ್ದರು. ಅಂಗಿಗೆ ಇಸ್ತ್ರಿ ಇರಲಿಲ್ಲ.

"ಕೂರಕ್ಕೆ ಈಗ ಬೇಕಾದಷ್ಟು ಜಾಗ ಐತೆ ತಂಗಿ" ಅಂದರು. "ತೋರಿಸಕ್ಕೆ ಸೀರೆ ಇಲ್ಲ, ನೋಡು."

ಮದುವೆಗೆ ಬರಲಿಲ್ಲ. ಅವರು ತೀರಿಕೊಂಡದ್ದು ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ, ಆನವಟ್ಟಿಗೆ ಹೋಗುವ ಬಸ್ಸಿನಲ್ಲಿ, ಯಾರೋ ಯಾರಿಗೋ ಹೇಳುತ್ತಿದ್ದಾಗ. ಪೂಜೆಯ ಗಾದಿಯ ಮೇಲೆ ಕೂತಿದ್ದನಲ್ಲ, ಅವನು ಹೋದನಂತೆ, ಅಂತ. ಸತ್ತ ಮೇಲೂ ಅದೊಂದೇ ಗುರುತು ಉಳಿಸಿದ್ದರು ಅವರಿಗೆ. ಬಸ್ಸಿನಲ್ಲೇ ಅತ್ತುಬಿಟ್ಟೆ...

ಅದೇ ವಾಸನೆ ಕಳೆದ ತಿಂಗಳು ಶಿಕಾರಿಪುರದ ಅಂಗಡಿಯಲ್ಲಿ. ಸೀರೆ ತೋರಿಸುತ್ತಿದ್ದ ಹುಡುಗಿ ಒಂದು ಕಾಲು ಎತ್ತುವಳು, ಇಳಿಸುವಳು, ಇನ್ನೊಂದು ಎತ್ತುವಳು. ಕಣಕಾಲು ಬಾತಿತ್ತು. ನಾದಿನಿ, ಅವಳ ಮಗಳು, ನಾನು ಮೆತ್ತನೆಯ ಸ್ಟೂಲಿನ ಮೇಲೆ ಕೂತಿದ್ದೆವು. ಪಕ್ಕದಲ್ಲಿ ಇನ್ನೊಂದು ಖಾಲಿಯಿತ್ತು.

"ಕೂತ್ಕಂಡು ತೋರ್ಸವ್ವ" ಅಂದೆ.

ಅವಳು ಸೀರೆ ಮಡಚುತ್ತಲೇ ಕಣ್ಣನ್ನಷ್ಟೇ ಮೇಲೆತ್ತಿ ಚಾವಣಿಯ ಮೂಲೆ ತೋರಿಸಿದಳು. "ಕ್ಯಾಮೆರಾ ಐತ್ರೀ ಅಕ್ಕಾರ."

ನಾನು ಸ್ಟೂಲಿನಿಂದ ಇಳಿದು ಟೈಲ್ಸಿನ ಮೇಲೆ ಕಾಲು ಮಡಚಿ ಕೂತೆ. ನಾದಿನಿ ಕಣ್ಣು ಬಿಟ್ಟು ನೋಡಿದಳು. "ನನಗೆ ಕೆಳಗೆ ಹಾಸಿ ತೋರಿಸ್ಬೇಕು. ಇಲ್ಲಾಂದ್ರೆ ನಾವು ಜವಳಿ ತಗಳಲ್ಲ" ಅಂದೆ, ಕ್ಯಾಮೆರಾಕ್ಕೂ ಕೇಳಲಿ ಎಂಬಂತೆ. ಸೆರಗು ಸರಿ ಮಾಡಿಕೊಳ್ಳುವುದರೊಳಗೆ ಮ್ಯಾನೇಜರ್ ಓಡಿ ಬಂದ. ಅವನ ಕೈಯಲ್ಲಿ ಬೆನ್ನಿಗೆ ಒರಗುವಂಥ ಒಂದು ಕುರ್ಚಿ.

"ಮೇಡಂ, ಕೆಳಗ್ಯಾಕ ಕೂತ್ರಿ? ಕುರ್ಚಿ ಮ್ಯಾಲ ಕೂತ್ಕಳ್ರೀ!"

ನಾನು ಕೇಳಿಯೇ ಇರಲಿಲ್ಲ, ಕುರ್ಚಿ ಬಂದಿತ್ತು. ಬೇಡ, ಅಲ್ಲೇ ಇಡಿ ಅಂದೆ. ಇಟ್ಟು ಹೋದ. ಹುಡುಗಿ ಅವನು ಹೋದ ದಾರಿ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಸೀರೆಗಳ ಗಂಟು ಎತ್ತಿಕೊಂಡು ನನ್ನ ಎದುರಿಗೆ ಬಂದು ನೆಲದ ಮೇಲೆ ಕೂತಳು. ಕೂತಾಗ ಅವಳ ಬಾಯಿಂದ ಬಂದ ಉಸಿರು ನನಗೆ ಕೇಳಿಸಿತು.

ನಾದಿನಿಯ ಮಗಳು ನೇರಳೆ ಬಣ್ಣದ ಸೀರೆ ಆರಿಸಿ ಆಗಲೇ ಪಕ್ಕಕ್ಕಿಟ್ಟಾಗಿತ್ತು. ಹುಡುಗಿ ಅದನ್ನು ನೋಡಿ, "ಇನ್ನೂ ತೋರಿಸ್ಲೇನ್ರೀ ಅಕ್ಕಾರ?" ಅಂದಳು.

"ತೋರಿಸವ್ವ" ಅಂದೆ. "ಒಂದೊಂದೇ ಬಿಚ್ಚಿ, ಎಲ್ಲಾ ತೋರ್ಸು."