ಬೋಲ್ಟಿನ ಬೆನ್ನು ಹತ್ತಿ ಬಾಗೇವಾಡಿಗೆ

ಚೀನಾ ಯುದ್ಧ ಮುಗಿದ ಮರುವರ್ಷದ ಬೇಸಿಗೆಯಲ್ಲಿ ಠಾಣೆಗಳ ಬಂದೂಕು ತಪಾಸಣೆಗೆಂದು ವಿಜಾಪುರದಿಂದ ಬೆಳಗಿನ ಬಸ್ಸು ಹಿಡಿದೆ. ಪೊಲೀಸ್ ಇಲಾಖೆಯಲ್ಲಿ ಬಂದೂಕು ದುರಸ್ತಿ ನನ್ನ ಕೆಲಸ. ಇಂಡಿ, ಸಿಂದಗಿ, ಮುದ್ದೇಬಿಹಾಳ ಮುಗಿಸಿ, ಬಸವನ ಬಾಗೇವಾಡಿಯ ಮೇಲೆ ಹಾಯ್ದು ಮನೆಗೆ ಮರಳಬೇಕು.

ಇಂಡಿಯಲ್ಲಿ ಲಿಂಬೆ ಶರಬತ್ತು ಕೊಟ್ಟರು, ಸಿಂದಗಿಯಲ್ಲಿ ಬಿಸಿ ರೊಟ್ಟಿ, ಶೇಂಗಾ ಹಿಂಡಿ. ಎರಡೂ ಕಡೆ ಇದ್ದದ್ದು ನನ್ನ ಮೆಚ್ಚಿನ ತ್ರೀ ನಾಟ್ ತ್ರೀ. ಬ್ರಿಟಿಷ್ ಸೈನ್ಯ ಎರಡು ಮಹಾಯುದ್ಧಗಳಲ್ಲಿ ಹೊತ್ತ ಬಂದೂಕು. ಅವರು ಹೋದರೂ ಅದು ನಮ್ಮಲ್ಲಿ ಉಳಿಯಿತು. ನಳಿಗೆಯ ತುದಿವರೆಗೂ ಕಟ್ಟಿಗೆಯ ಹೊದಿಕೆ, ಹೊಟ್ಟೆಯಲ್ಲಿ ಹತ್ತು ಗುಂಡು. ಬೋಲ್ಟ್ ಎಂಬ ಉಕ್ಕಿನ ಅಗುಳಿಯನ್ನು ಎತ್ತಿ ಹಿಂದಕ್ಕೆಳೆದರೆ ಸಿಡಿದ ಗುಂಡಿನ ಖಾಲಿ ಹಿತ್ತಾಳೆ ಕವಚ ಹೊರಗೆ ಹಾರುತ್ತದೆ, ಮುಂದಕ್ಕೆ ತಳ್ಳಿದರೆ ಹೊಸ ಗುಂಡು ಒಳಗೆ ಸೇರುತ್ತದೆ. ಎಣ್ಣೆ ಕುಡಿದ ಬೋಲ್ಟ್ ಸರಿಯುವ ಸದ್ದು ಕೇಳಿದರೆ ನನಗೆ ದಾರಿಯ ದಣಿವೇ ಮರೆಯುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಮುದ್ದೇಬಿಹಾಳದಲ್ಲಿ ಹವಾಲ್ದಾರ್ ದಸ್ತಗೀರಸಾಬರು ತಮ್ಮ ಬಂದೂಕನ್ನು ಮೇಜಿನ ಮೇಲಿಟ್ಟರು. ಚೆನ್ನಾಗಿ ಒರೆಸಿದ್ದರು. ಆದರೆ ಬೋಲ್ಟಿನ ಹಿಡಿಕೆಯ ನಂಬರು ಬಂದೂಕಿನ ನಂಬರಿಗೆ ಕೂಡಲಿಲ್ಲ. ಪ್ರತಿ ಬೋಲ್ಟನ್ನೂ ಅದರದೇ ಬಂದೂಕಿಗೆ ಹೊಂದಿಸಿರುತ್ತಾರೆ. ಬೇರೆಯದಾದರೆ ಸಂದು ಉಳಿದು, ಹಿತ್ತಾಳೆ ಸೀಳಿ, ಬೆಂಕಿಯಂಥ ಗಾಳಿ ಗುರಿ ಹಿಡಿದವನ ಕಣ್ಣಿಗೇ ನುಗ್ಗಬಹುದು. ಸಂದು ಅಳೆಯುವ ಉಕ್ಕಿನ ತುಂಡು ಹಾಕಿ ನೋಡಿದೆ. ಸಡಿಲ.

"ಇದು ಯಾರದ್ರಿ?"

ಅವರು ಬಗ್ಗಿ ಹಿಡಿಕೆಯ ನಂಬರು ಓದಿದರು. "ಮಲ್ಲಪ್ಪಂದ್ರಿ, ಇದ ಠಾಣೆದಾಗ ನನ್ನ ಜೋಡಿ ಇದ್ದಾಂವ. ಬಂದೂಕ ಸಹಿತ ಬಾಗೇವಾಡಿಗಿ ವರ್ಗ ಆದ. ಹೋಗೂ ಮುಂದ ಇಬ್ಬರೂ ಕೂಡಿ ಕುಂತು ಬಂದೂಕ ಒರಸಿದ್ವಿ. ಹಂಗಾರ ನಂದು ಅವನ ಕಡೆ ಐತಿ! ಇವತ್ತ ಮಧ್ಯಾಹ್ನ ಅಲ್ಲಿ ಗುಂಡು ಹಾರಸೂ ತಾಲೀಮು ಐತ್ರಿ!"

ಠಾಣೆಯ ಫೋನು ಕೆಟ್ಟಿತ್ತು. ಬಂದೂಕು ಹೆಗಲಿಗೇರಿಸಿ ಅವರೂ ನನ್ನೊಡನೆ ಬಸ್ಸು ಹತ್ತಿದರು. ನಿಡಗುಂದಿ ಹತ್ತಿರ ರೇಡಿಯೇಟರ್ ಕುದಿದು ಬಸ್ಸು ನಿಂತೇಬಿಟ್ಟಿತು. ಶೇಂಗಾ ಚೀಲ ಹೇರಿಕೊಂಡು ಬಂದ ಲಾರಿಯೊಂದಕ್ಕೆ ಕೈಮಾಡಿ ಮೇಲೆ ಹತ್ತಿದೆವು. ಬಿಸಿಲು ರಣ ಹೊಡೆಯುತ್ತಿತ್ತು. ದಸ್ತಗೀರಸಾಬರು, "ಅವಂಗ ಎಡಗಣ್ಣು ಮೊದಲ ಮಂದ ಐತ್ರಿ. ಬಲಗಣ್ಣಿಗೆ ಏನರ..." ಎನ್ನುತ್ತ ಎದ್ದು ನಿಂತು ಮುಂದಿನ ದಾರಿ ನೋಡತೊಡಗಿದರು.

ಬಾಗೇವಾಡಿಯ ಹೊರಗೆ, ಕಲ್ಲುಗಣಿಯ ತಗ್ಗಿನಲ್ಲಿ ಪೊಲೀಸರು ಸಾಲಾಗಿ ಬೋರಲು ಮಲಗಿದ್ದರು. ಲಾರಿ ನಿಲ್ಲುವ ಮೊದಲೇ ದಸ್ತಗೀರಸಾಬರು ಧುಮುಕಿ ಓಡಿದರು.

"ಮಲ್ಲ್ಯಾ! ಹಾರಸಬ್ಯಾಡೋ! ಬೋಲ್ಟ್ ನಂದೈತಿ!"

ಕೊನೆಯಲ್ಲಿ ಮಲಗಿದ್ದ ಬಿಳಿ ಮೀಸೆಯವರು ಬಂದೂಕಿನ ಕುದುರೆಯಿಂದ ಬೆರಳು ತೆಗೆದು ತಲೆ ಎತ್ತಿದರು. "ಗುರಿ ಹಿಡದಾಗ ಒದರತಾರೇನೋ, ಹುಚ್ಚಾ!"

ಅವರ ಬಂದೂಕಿನಿಂದ ಗುಂಡು ತೆಗೆದು, ಬೋಲ್ಟುಗಳನ್ನು ಅದಲುಬದಲು ಮಾಡಿ ಅಳತೆ ನೋಡಿದೆ. ಎರಡೂ ಬಿಗಿಯಾಗಿ ಕೂತವು. ಮಲ್ಲಪ್ಪ ಮತ್ತೆ ಮಲಗಿದರು. ದೂರ ನಿಲ್ಲಿರೆಂದರೂ ಕೇಳದೆ ದಸ್ತಗೀರಸಾಬರು ಗೆಳೆಯನ ಬೆನ್ನಿಗೇ ಕೂತರು. ಗುಂಡು ಹಾರಿತು. ಹೊರಗೆ ಬಿದ್ದ ಹಿತ್ತಾಳೆಯಲ್ಲಿ ಒಂದು ಬಿರುಕೂ ಇರಲಿಲ್ಲ. ಅದನ್ನು ನೋಡಿದ್ದೇ ದಸ್ತಗೀರಸಾಬರು ಕಣ್ಣೊರೆಸಿಕೊಂಡು ಬೈಯತೊಡಗಿದರು.

ಸಂಜೆ ವಿಜಾಪುರದ ಬಸ್ಸಿಗೆ ಇಬ್ಬರೂ ಕಳಿಸಲು ಬಂದರು. "ಅದಲುಬದಲು ಮಾಡಿದಂವಾ ನೀನ" ಎಂದು ಇವರು, "ಅಲ್ಲ, ನೀನ" ಎಂದು ಅವರು. ಬಸ್ಸು ಹೊರಟಾಗ ಹಿಂತಿರುಗಿ ನೋಡಿದೆ. ನನಗೆ ಕೈಬೀಸುವುದನ್ನೂ ಮರೆತು, ಜಗಳಾಡುತ್ತಲೇ ಇಬ್ಬರೂ ಮಲ್ಲಪ್ಪನವರ ಮನೆಯ ದಾರಿ ಹಿಡಿದಿದ್ದರು.