ಐರ್ಲೆಂಡಿನ ಹಳ್ಳಿಗುಗ್ಗು

‘ಹಳ್ಳಿಗುಗ್ಗು. ಮೈಕಿನ ಮುಂದೆ ಹೇಗೆ ಮಾತಾಡಬೇಕು ಅಂತಾನೇ ಗೊತ್ತಿಲ್ಲ.’

ಪಕ್ಕದ ತೀರ್ಪುಗಾರರು ಹೀಗೆ ಗೊಣಗಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಕಳೆದ ವಾರ ಬೇಲೂರಿನಲ್ಲಿ ಹೈಸ್ಕೂಲು ಮಕ್ಕಳ ಭಾಷಣ ಸ್ಪರ್ಧೆ. ವಿಷಯ ‘ನನ್ನ ಊರು’. (ಊರಿನ ಬಗ್ಗೆ ಮಾತಾಡಬೇಕು, ಊರಿನ ಮಾತಲ್ಲಿ ಆಡಬಾರದಂತೆ!) ಗೆದ್ದವರು ಜಿಲ್ಲಾ ಮಟ್ಟಕ್ಕೆ. ತೀರ್ಪುಗಾರರು ಇಬ್ಬರೇ, ನಾನು ಮತ್ತು ಒಬ್ಬ ಕಾಲೇಜಿನ ಕನ್ನಡ ಮೇಷ್ಟ್ರು.

ವೇದಿಕೆಯ ಮೇಲಿದ್ದವಳು ಹಗರೆ ಅನ್ನುವ ಹಳ್ಳಿಯ ಹುಡುಗಿ. ‘ಪೇಪರ್ ಬರಕ್ಕೆ ಮುಂಚೇನೇ ನಮ್ಮೂರ ಸುದ್ದಿಯೆಲ್ಲ ಡೈರಿ ಬಾಗಿಲಿಗೆ ಬಂದಿರ್ತೈತೆ. ಹಾಲಿಗೆ ನೀರು ಬೆರ್ಸಿದ್ರೆ ಗೊತ್ತಾಗ್ತೈತೆ, ಸುದ್ದಿಗೆ ಬೆರ್ಸಿದ್ರೆ ಗೊತ್ತಾಗಕಿಲ್ಲ’ ಅಂದಳು. ಸಭೆ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ಮಾತ್ರ ಮುಖ ಹುಳ್ಳಗೆ ಮಾಡಿಕೊಂಡು ‘ಭಾಷೆ’ ಅನ್ನುವ ಕಾಲಮ್ಮಿನಲ್ಲಿ ಸೊನ್ನೆ ಸುತ್ತಿದರು.

ನನ್ನ ಇನ್ನೊಂದು ಪಕ್ಕ ಐರ್ಲೆಂಡಿನ ನೋರಾ. ದೇವಸ್ಥಾನದ ಶಿಲ್ಪಗಳ ಚಿತ್ರ ಬರೆಯಲು ಬಂದವಳು. (ವಿದೇಶಿಯರು ಕಂಡರೆ ಎಳೆತಂದು ಮುಂದಿನ ಸಾಲಿನಲ್ಲಿ ಕೂರಿಸುವ ಚಟ ನಮ್ಮದು.) ಮೇಷ್ಟ್ರು ಏನಂದರು ಅಂತ ಕೇಳಿದಳು. ಹೇಳಿದೆ. ಅವಳಿಗೂ ಸಿಟ್ಟು ಬಂತು. ಅವಳ ದೇಶದಲ್ಲೂ ಇಂಥದ್ದೇ ಒಂದು ಬೈಗುಳ ಇದೆಯಂತೆ, ‘ಕಲ್ಚಿ’ ಅಂತ. ಡಬ್ಲಿನ್ ಪೇಟೆಯವರು ಹಳ್ಳಿಯವರಿಗೆ ಅನ್ನುವುದು. ಮಾತಿನ ರಾಗ ಬೇರೆಯಾದರೆ ಕಲ್ಚಿ, ಬೂಟಿಗೆ ಕೆಸರು ಮೆತ್ತಿದ್ದರೆ ಕಲ್ಚಿ. ಹಳ್ಳಿಯವರೇ ತಮ್ಮತಮ್ಮಲ್ಲಿ ಅಂದುಕೊಂಡರೆ ಅದು ಸಲಿಗೆ. ಪೇಟೆಯವನು ಮೂಗು ಮುರಿದು ಅಂದರೆ ಜಗಳ. ತಾನೂ ಕಲ್ಚಿಯೇ ಅಂದಳು, ಎದೆಯುಬ್ಬಿಸಿ.

ನಮ್ಮಲ್ಲೂ ಅಷ್ಟೇ ತಾನೇ? ಗೆಳೆಯ ಹೆಗಲ ಮೇಲೆ ಕೈ ಹಾಕಿ ‘ಏನ್ಲಾ ಗುಗ್ಗು’ ಅಂದರೆ ಕರೆದುಕೊಂಡು ಹೋಗಿ ಕಾಫಿ ಕುಡಿಸುತ್ತೇವೆ. ಅದನ್ನೇ ಅಂಕ ಹಾಕುವ ಪೆನ್ನು ಹಿಡಿದವರು ಅಂದರೆ? ಅಷ್ಟು ಚೆನ್ನಾಗಿ ಮಾತಾಡಿದ ಹುಡುಗಿ ಮತ್ತೆ ಮೈಕಿನ ಹತ್ತಿರ ಸುಳಿಯುವುದಿಲ್ಲ. ಇದು ಅನ್ಯಾಯವಲ್ಲದೆ ಇನ್ನೇನು?

ಆ ಸೊನ್ನೆ ತೆಗೆಯಿರಿ ಅಂದೆ ಮೇಷ್ಟ್ರಿಗೆ. ಶುದ್ಧ ಭಾಷೆಯ ಬಗ್ಗೆ ನನಗೇ ಪಾಠ ಶುರುವಾಯಿತು. ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಬಾಣಾವರದ ಕಡೆಯ ಹಳ್ಳಿಯಿಂದ ಅವರ ತಾಯಿ. ಮೇಷ್ಟ್ರು ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಿದರು, ಎಷ್ಟು ಅಕ್ಕರೆಯಿಂದ ಅಂತೀರಿ.

‘ಊಂ ಕಣವ್ವ, ನಿನ್ ಮಾತ್ರೆ ತಗೊಂಡಿವ್ನಿ. ಬ್ಯಾಗಲ್ಲೇ ಐತೆ. ಸಂಜಿಗೆ ಬತ್ತೀನಿ.’

ಫೋನು ಜೇಬಿಗಿಟ್ಟರು. ನಾನು ಅಂಕದ ಹಾಳೆಯನ್ನು ನನ್ನ ಕಡೆ ಎಳೆದುಕೊಂಡು, ಪೆನ್ನಿನ ಮುಚ್ಚಳ ತೆಗೆದು ಕೇಳಿದೆ:

‘ಸಾರ್, ಈಗ ಅಮ್ಮನ ಹತ್ರ ಆಡಿದ್ರಲ್ಲ, ಆ ಭಾಷೆಗೆ ಎಷ್ಟು ಹಾಕ್ಲಿ?’