ಪ್ಯಾರಟ್ ಮೀನಿನ ಬಾಣಂತನ

ಶಿರಸಿಯ ನಮ್ಮ ಬಾಡಿಗೆ ಮನೆಗೆ ಆ ಗಾಜಿನ ತೊಟ್ಟಿ ಬಂದದ್ದು, ನನ್ನ ಜೊತೆ ಪಾಠ ಮಾಡುತ್ತಿದ್ದ ಟೀಚರೊಬ್ಬರು ವರ್ಗವಾಗಿ ಹೋದಾಗ. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಅದರಲ್ಲಿ ಎರಡು ಪ್ಯಾರಟ್ ಮೀನು. ಅಂಗೈಯಗಲ, ಕಿತ್ತಳೆ ಬಣ್ಣ, ಗಿಣಿಯಂಥ ಮೂತಿ. ಬಾಯಿ ಪೂರ್ತಿ ಮುಚ್ಚಲು ಬಾರದು. ಏನೋ ಹೇಳಹೊರಟು ಮರೆತವರ ಹಾಗೆ ತೆರೆದುಕೊಂಡೇ ಇರುತ್ತಿತ್ತು.

"ಮನೆಲಿ ಮೀನಾ? ಅದೂ ಊಟದ ಕೋಣೆ ಪಕ್ಕ! ಎಂತ ಕಾಲ ಬಂತೆ" ಅಂದರು ಅತ್ತೆ. ಈರುಳ್ಳಿಯನ್ನೂ ಒಳಗೆ ಬಿಡದವರು. ಮೀನಿನ ಆಹಾರದ ಡಬ್ಬಿಯನ್ನು ಹೊರಗಿನ ಕಿಟಕಿಯ ಮೇಲಿಡಿಸಿದರು. ಆದರೆ ತಿಂಗಳು ಕಳೆಯುವುದರೊಳಗೆ, ಬೇಯಿಸಿದ ಬಟಾಣಿಯ ಸಿಪ್ಪೆ ಸುಲಿದು ತಾವೇ ಹಾಕತೊಡಗಿದರು. ನಲ್ಲಿ ನೀರನ್ನು ಬಕೆಟ್ಟಿನಲ್ಲಿ ಒಂದು ದಿನ ಇಟ್ಟು ಬದಲಿಸುವುದು ನನ್ನ ಕೆಲಸ. ರಜೆಯ ಮಧ್ಯಾಹ್ನಗಳಲ್ಲಿ ನಾವಿಬ್ಬರೂ ತೊಟ್ಟಿಯೆದುರು ಮಾತಿಲ್ಲದೆ ಕೂರುತ್ತಿದ್ದೆವು. ನೋಡುತ್ತ ನೋಡುತ್ತ ಗಡಿಯಾರದ ಸದ್ದೂ ನೀರೊಳಗಿಂದ ಬಂದಂತೆ ಕೇಳುತ್ತಿತ್ತು.

ಒಂದು ದಿನ ಹೆಣ್ಣು ಮೀನು ತೊಟ್ಟಿಯ ತಳದಲ್ಲಿದ್ದ ಹೆಂಚಿನ ಚೂರನ್ನು ಉಜ್ಜಿ ಉಜ್ಜಿ ಶುಚಿ ಮಾಡಿ ಮೊಟ್ಟೆಯಿಟ್ಟಿತು. ಸಣ್ಣ ಸಣ್ಣ ಜೇನಹನಿಗಳು. ಅವಕ್ಕೆ ರೆಕ್ಕೆಯಿಂದ ಗಾಳಿ ಬೀಸುತ್ತ ಅಲ್ಲೇ ನಿಂತಿತು. ಅತ್ತೆ ತಮ್ಮ ಹಳೇ ಸೀರೆ ತಂದು ತೊಟ್ಟಿಯ ಅರ್ಧಕ್ಕೆ ಇಳಿಬಿಟ್ಟರು.

"ಬಾಣಂತಿ ಕೋಣೆಲಿ ಎಲ್ಲರೂ ಇಣುಕಲಾಗ."

ಮೂರನೆಯ ದಿನ ಮೊಟ್ಟೆಗಳು ಬೆಳ್ಳಗಾದವು. ಮೀನುಗಳೇ ತಿಂದುಬಿಟ್ಟವು. ಮುಂದಿನ ಸಲವೂ ಹಾಗೇ ಆಯಿತು.

ತರಬೇತಿಗೆಂದು ಹುಬ್ಬಳ್ಳಿಗೆ ಹೋದವಳು ಮೀನಿನ ಅಂಗಡಿಯೊಂದರಲ್ಲಿ ವಿಚಾರಿಸಿದೆ. "ಎರಡ್ ಜಾತಿ ಕೂಡಿಸಿ ಮಾಡಿದ ಮೀನ್ರಿ ಅಕ್ಕಾರ. ಆ ಗಂಡಿನಿಂದ ಮರಿ ಆಗಂಗಿಲ್ಲ" ಅಂದ ಅಂಗಡಿಯವ.

ಮನೆಗೆ ಬಂದಾಗ ಹೆಣ್ಣು ಮತ್ತೆ ಮೊಟ್ಟೆಯಿಟ್ಟಿತ್ತು, ಸೀರೆ ಇಳಿಬಿದ್ದಿತ್ತು. ಅಂಗಡಿಯವ ಹೇಳಿದ್ದನ್ನು ಅತ್ತೆಗೆ ಹೇಳಿದೆ. "ಇನ್ನು ಈ ಸೀರೆ ಎಲ್ಲ ಬೇಡ ಅತ್ತೆ. ಮರಿ ಆಗ್ತಿಲ್ಲೆ."

ಅವರು ಸೀರೆ ತೆಗೆಯಲಿಲ್ಲ. "ಮರಿ ಆಗದ್ರೆ ಎಂತಾತು ತಂಗಿ? ಹೆತ್ತಿದ್ದು ಸುಳ್ಳನ?"

ಮೂರು ವರ್ಷದ ಹಿಂದೆ, ಐದು ತಿಂಗಳಾಗಿದ್ದಾಗ, ನನ್ನ ಬಸಿರು ಇಳಿದುಹೋಗಿತ್ತು. ಎಂಟನೆಯ ದಿನಕ್ಕೆ ಸೀರೆಗೆ ಪಿನ್ ಹಾಕಿಕೊಂಡು ಶಾಲೆಗೆ ಹೋಗಿದ್ದೆ. ಮನೆಯಲ್ಲಿ ಯಾರೂ ಅದರ ಮಾತೆತ್ತಿರಲಿಲ್ಲ. ನಾನೂ ಎತ್ತಿರಲಿಲ್ಲ.

ಅತ್ತೆ ನನ್ನ ಮುಖ ನೋಡಲಿಲ್ಲ. ಮೀನನ್ನೇ ನೋಡುತ್ತ, "ಆಗ ನಿಂಗೆ ಎಣ್ಣೆ ಹಚ್ಚಿ ಬಿಸಿನೀರಲ್ಲಿ ಮೀಸಕಾಗಿತ್ತು. ಆನು ಮೀಸಿದ್ನಿಲ್ಲೆ" ಅಂದರು.

ಮರುದಿನ ಶಾಲೆಗೆ ರಜೆ ಹಾಕಿಸಿದರು. ಬೆಳಿಗ್ಗೆಯೇ ಹಂಡೆಗೆ ಉರಿಯಿಟ್ಟು, ನೆತ್ತಿಯಿಂದ ಅಂಗಾಲಿನವರೆಗೆ ಬೆಚ್ಚಗಿನ ಎಣ್ಣೆ ತಿಕ್ಕಿದರು. ಚೊಂಬಿನ ಮೇಲೆ ಚೊಂಬು ಬಿಸಿನೀರು ಸುರಿದರು. ನಾನು ಅತ್ತದ್ದು ನೀರಿನಲ್ಲಿ ಅವರಿಗೆ ಕಂಡಿತೋ ಇಲ್ಲವೋ. ತಲೆಗೆ ಬಟ್ಟೆ ಸುತ್ತಿ, ಹಾಸಿಗೆ ಹಾಸಿ, ಕಂಬಳಿ ಹೊದೆಸಿ, "ಮನಿಕ್ಯ" ಅಂದರು. ದೀಪ ಹಚ್ಚುವ ಹೊತ್ತಿನವರೆಗೂ ನಿದ್ದೆ ಮಾಡಿದೆ. ಯಾರೂ ಎಬ್ಬಿಸಲಿಲ್ಲ.